ಮೂರನೇ ಸಲ ಅನ್ನುವ ಮೊದಲು

ನನ್ನ ಗಂಟಲು ದೊಡ್ಡದು. ಆಫೀಸಿನಲ್ಲಿ ನಾನು ಫೋನ್ ಎತ್ತಿದರೆ ಆಚೆ ಸಾಲಿನಲ್ಲಿ ಕೂತವರು ಸುಮ್ಮನೆ ಹೆಡ್‌ಫೋನ್ ಏರಿಸಿಕೊಳ್ಳುತ್ತಾರೆ. ಈ ಒಂದೇ ಅರ್ಹತೆಯ ಮೇಲೆ ನಮ್ಮ ಅಕ್ವೇರಿಯಂ ಕ್ಲಬ್ಬಿನವರು ಮೂರು ವರ್ಷದ ಹಿಂದೆ ವಾರ್ಷಿಕ ಹರಾಜು ನಡೆಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. "ನೀವಿದ್ರೆ ಮೈಕಿನ ಬಾಡಿಗೆ ಉಳಿಯುತ್ತೆ" ಅಂದರು ನಮ್ಮ ಖಜಾಂಚಿ ಮೇಡಂ. ಅವರು ಬ್ಯಾಂಕಿನಿಂದ ರಿಟೈರ್ ಆದವರು. ಒಂದು ರೂಪಾಯಿ ಉಳಿದರೂ ಅವರಿಗೆ ಆ ದಿನ ಚೆನ್ನಾಗಿ ನಿದ್ದೆ ಬರುತ್ತದೆ.

ಇಂಥ ಹರಾಜು ನೋಡದವರಿಗೆ ಸ್ವಲ್ಪ ವಿವರಿಸಬೇಕು. ಬೆಂಗಳೂರಿನಲ್ಲಿ ಮನೆಯಲ್ಲಿ ಮೀನು ಸಾಕುವ ನಮ್ಮಂಥ ನಲವತ್ತು ಜನರ ಕ್ಲಬ್ ಇದು. ಮೀನು ಸಾಕುವವರಿಗೆ ಯಾವತ್ತೂ ಮೀನು ಹೆಚ್ಚಾಗುತ್ತದೆ, ಜಾಗ ಕಡಿಮೆಯಾಗುತ್ತದೆ. ಗಪ್ಪಿ ಮರಿ ಹಾಕುತ್ತಲೇ ಇರುತ್ತದೆ, ಜಾವಾ ಮಾಸ್ ಬೆಳೆದು ಗಾಜನ್ನೇ ಮುಚ್ಚುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಜನವರಿಯ ಒಂದು ಭಾನುವಾರ ಒಂದು ಹಾಲ್ ಹಿಡಿದು, ಹೆಚ್ಚಾದದ್ದನ್ನೆಲ್ಲ ತಂದು ಹರಾಜು ಹಾಕುತ್ತೇವೆ. ಬಂದದ್ದರಲ್ಲಿ ಅರ್ಧ ತಂದವರಿಗೆ, ಅರ್ಧ ಕ್ಲಬ್ಬಿಗೆ. ಕೆಲವರು ದಾನವಾಗಿಯೇ ಕೊಡುತ್ತಾರೆ. ಅದರ ಪೂರ್ತಿ ದುಡ್ಡು ಕ್ಲಬ್ಬಿನದು. ಆ ದುಡ್ಡಿನಲ್ಲಿ ಹಾಲ್ ಬಾಡಿಗೆ ಕಳೆದು ಉಳಿದದ್ದು ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾವು ಇಟ್ಟಿರುವ ಟ್ಯಾಂಕಿನ ಖರ್ಚಿಗೆ ಹೋಗುತ್ತದೆ.

ನಿಯಮಗಳು ಕಟ್ಟುನಿಟ್ಟು. ಮೀನಿಗೆ ಹಿಂದಿನ ದಿನ ಆಹಾರ ಹಾಕಬಾರದು, ಹೊಟ್ಟೆ ಖಾಲಿಯಿದ್ದರೆ ಕವರಿನ ನೀರು ಬೇಗ ಕೆಡುವುದಿಲ್ಲ. ಕವರಿನಲ್ಲಿ ಮೂರನೇ ಒಂದು ಭಾಗ ಮಾತ್ರ ನೀರು, ಉಳಿದದ್ದು ಗಾಳಿ. ಹೊಸಬರು ಪಾಪ ಅಂತ ನೀರು ಜಾಸ್ತಿ ತುಂಬುತ್ತಾರೆ, ಆದರೆ ಮೀನು ಉಸಿರಾಡುವುದು ಆ ಗಾಳಿಯಿಂದ ನೀರಿಗೆ ಇಳಿಯುವ ಆಮ್ಲಜನಕವನ್ನು. ಕವರ್ ಎರಡು ಪದರ ಇರಬೇಕು, ಕೆಳಗಿನ ಮೂಲೆಗಳನ್ನು ಮಡಚಿ ಟೇಪ್ ಹಾಕಬೇಕು. ಇಲ್ಲದಿದ್ದರೆ ಮರಿಗಳು ಮೂಲೆಗೆ ಸಿಕ್ಕಿಕೊಂಡು ಸಾಯುತ್ತವೆ. ಮೇಲೆ ಚೀಟಿ: ಯಾವ ಮೀನು, ಎಷ್ಟು, ಗಂಡೋ ಹೆಣ್ಣೋ, ಯಾರು ತಂದದ್ದು. ಮೀನು ಹರಾಜಿಗೆ ಬರುವ ತನಕ ಅದರ ಬಗ್ಗೆ ಇಷ್ಟೆಲ್ಲ ಕಾಳಜಿ ಮಾಡುವ ನಾವು, ಹರಾಜಿನ ಆಚೆ ಅದು ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಒಂದೇ ಒಂದು ನಿಯಮ ಬರೆದಿರಲಿಲ್ಲ. ಇದು ನನಗೆ ಹೊಳೆದದ್ದು ತುಂಬಾ ತಡವಾಗಿ.

*

ಹರಾಜು ನನಗೆ ಹೊಸದಲ್ಲ. ನಾನು ಪುತ್ತೂರಿನ ಕಡೆಯವನು. ನಮ್ಮಲ್ಲಿ ಅದಕ್ಕೆ ಏಲಂ ಅಂತಾರೆ. ಗಣೇಶೋತ್ಸವ ಇರಲಿ, ಭಜನಾ ಮಂದಿರದ ವಾರ್ಷಿಕೋತ್ಸವ ಇರಲಿ, ಕೊನೆಗೆ ಒಂದು ಏಲಂ. ಯಾರೋ ದೇವರಿಗೆ ಅಂತ ಒಪ್ಪಿಸಿದ ಬಾಳೆಗೊನೆ, ಸೌತೆಕಾಯಿ, ಹಲಸಿನಹಣ್ಣು. ಅಂಗಡಿಯಲ್ಲಿ ಮೂವತ್ತು ರೂಪಾಯಿಗೆ ಸಿಗುವ ಸೌತೆಕಾಯಿ ಅಲ್ಲಿ ಎಂಟುನೂರಕ್ಕೆ ಹೋಗುತ್ತಿತ್ತು. ಚಿಕ್ಕವನಿದ್ದಾಗ ಅಪ್ಪನನ್ನು ಕೇಳಿದ್ದೆ, "ಇವರಿಗೆ ಸೌತೆಕಾಯಿ ರೇಟು ಗೊತ್ತಿಲ್ವಾ?" ಅಪ್ಪ ನಕ್ಕಿದ್ದರು. "ಅವರು ಸೌತೆಕಾಯಿ ತೆಗೊಳ್ಳುದಲ್ಲ ಮಾರಾಯ, ದೇವರಿಗೆ ಕೊಡುದು."

ನಿಜವಾದ ಮಜಾ ಗೊನೆಯದು. ಒಬ್ಬರು ಸಾವಿರದ ಇನ್ನೂರಕ್ಕೆ ಗೊನೆ ಗೆಲ್ಲುತ್ತಿದ್ದರು, ದುಡ್ಡು ಎಣಿಸಿ ಕೊಡುತ್ತಿದ್ದರು, ಆಮೇಲೆ "ಇನ್ನೊಮ್ಮೆ ಏಲಂ ಹಾಕಿ" ಅಂತ ಗೊನೆಯನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಒಂದೇ ಗೊನೆ ಮೂರು ಸಲ ಮಾರಾಟವಾಗಿ, ಕೊನೆಗೆ ಮಕ್ಕಳ ಹೊಟ್ಟೆ ಸೇರುತ್ತಿತ್ತು.

ನಾನು ಹರಾಜು ನಡೆಸುವುದನ್ನು ಕಲಿತದ್ದು ಅಲ್ಲಿಯೇ. ಯಾರ ಕಣ್ಣು ಹಿಡಿಯಬೇಕು, ಯಾರಿಗೆ ಸ್ವಲ್ಪ ಚುಚ್ಚಬೇಕು, ಎಲ್ಲಿ ಒಂದು ಕ್ಷಣ ಸುಮ್ಮನಿರಬೇಕು. "ಏನು ಸ್ವಾಮಿ, ಒಳ್ಳೆ ಕೆಲಸಕ್ಕೆ ಇನ್ನೊಂದು ನೂರು ಜಾಸ್ತಿಯಾಯ್ತಾ?" ಅನ್ನುವ ಮಾತು ಪುತ್ತೂರಿನಲ್ಲೂ ನಡೆಯುತ್ತದೆ, ಬೆಂಗಳೂರಿನಲ್ಲೂ ನಡೆಯುತ್ತದೆ. ನಮ್ಮ ಕ್ಲಬ್ಬಿನಲ್ಲಿ ಸುತ್ತಿಗೆಗೆ ಬದಲು ಖಜಾಂಚಿ ಮೇಡಂ ಮನೆಯ ಚಪಾತಿ ಲಟ್ಟಣಿಗೆ. ಅದನ್ನು ಮೇಜಿಗೆ ಕುಟ್ಟಿ "ಒಂದು ಸಲ, ಎರಡು ಸಲ, ಮೂರು ಸಲ" ಅಂದುಬಿಟ್ಟರೆ ಮುಗಿಯಿತು.

*

ಎರಡು ವರ್ಷದ ಹಿಂದಿನ ಹರಾಜು. ನಮ್ಮ ಸದಸ್ಯರೊಬ್ಬರಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತ್ತು. ಫ್ರಿಜ್ಜು, ಸೋಫಾ, ಬೈಕು ಎಲ್ಲ ಮಾರಿಯಾಗಿತ್ತು. ಉಳಿದಿದ್ದು ಅವರು ಆರು ವರ್ಷದಿಂದ ಸಾಕಿದ ಒಂದು ಆಸ್ಕರ್ ಮೀನು. ಅದನ್ನು ಕ್ಲಬ್ಬಿಗೆ ದಾನ ಕೊಟ್ಟರು. ಟ್ಯಾಂಕನ್ನು ಬೇರೆ ಯಾರಿಗೋ ಆಗಲೇ ಮಾರಿಬಿಟ್ಟಿದ್ದರು.

ಆಸ್ಕರ್ ಗೊತ್ತಿಲ್ಲದವರಿಗೆ: ಅಮೆಜಾನ್ ಕಡೆಯ ಮೀನು. ಅಂಗಡಿಯಲ್ಲಿ ಎರಡಿಂಚಿನ ಮುದ್ದು ಮರಿಯಾಗಿ ಸಿಗುತ್ತದೆ, ವರ್ಷದೊಳಗೆ ಹತ್ತಿರ ಹತ್ತಿರ ಒಂದಡಿ ಆಗುತ್ತದೆ. ಹತ್ತು ವರ್ಷಕ್ಕೂ ಮೇಲೆ ಬದುಕಬಹುದು. ಬಾಯಿಗೆ ಹಿಡಿಸುವ ಯಾವ ಮೀನನ್ನೂ ಬಿಡುವುದಿಲ್ಲ. ಆದರೆ ಊಟ ಹಾಕುವ ಮನುಷ್ಯ ಬಂದರೆ ಗಾಜಿನ ಹತ್ತಿರ ಓಡಿ ಬರುತ್ತದೆ, ಕೈಯಿಂದಲೇ ತಿನ್ನುತ್ತದೆ. ಅದಕ್ಕೇ ಜನ ಅದನ್ನು ನೀರಿನ ನಾಯಿ ಅಂತಾರೆ. ಒಂದು ಆಸ್ಕರ್‌ಗೆ ಕನಿಷ್ಠ ನಾಲ್ಕಡಿ ಟ್ಯಾಂಕು, 250 ಲೀಟರಿಗಿಂತ ಹೆಚ್ಚು ನೀರು, ಒಳ್ಳೆ ಫಿಲ್ಟರ್ ಬೇಕು.

ಬೆಳಿಗ್ಗೆ ಟೀ ಕುಡಿಯುವಾಗ ಒಬ್ಬ ಹುಡುಗ ಬಂದು ಮಾತಾಡಿಸಿದ್ದ. ಇಪ್ಪತ್ತನಾಲ್ಕು ಇಪ್ಪತ್ತೈದರ ವಯಸ್ಸು, ಹಾಸನದ ಕಡೆಯವನು, ಮೊದಲ ಕೆಲಸ, ಮೊದಲ ಟ್ಯಾಂಕು. ಫೋನಿನಲ್ಲಿ ಫೋಟೋ ತೋರಿಸಿದ. ಎರಡಡಿ ಟ್ಯಾಂಕು, ಅಂದರೆ ಸುಮಾರು 55 ಲೀಟರ್. ಒಳಗೆ ಹನ್ನೆರಡು ನಿಯಾನ್ ಟೆಟ್ರಾ, ಒಂದು ಮರದ ತುಂಡಿಗೆ ನೂಲು ಸುತ್ತಿ ಕಟ್ಟಿದ ಮಾಸ್. ತುಂಬಾ ಚೆನ್ನಾಗಿತ್ತು. "ಈ ದುಡ್ಡು ಶಾಲೆಗೆ ಹೋಗುತ್ತೆ ಅಂದ್ರಲ್ಲ ಸರ್, ನಾನೂ ಸರ್ಕಾರಿ ಶಾಲೇಲೇ ಓದಿದ್ದು" ಅಂದ.

ಮಧ್ಯಾಹ್ನದ ಹೊತ್ತಿಗೆ ಆಸ್ಕರ್ ಮೇಜಿಗೆ ಬಂತು. ಕವರಿನಲ್ಲಿ ಹಿಡಿಸದೆ ದೊಡ್ಡ ಪಾರದರ್ಶಕ ಡಬ್ಬಿಯಲ್ಲಿ ತಂದಿದ್ದರು. ಕಪ್ಪು ಮೈ ಮೇಲೆ ಕಿತ್ತಳೆ ಬಣ್ಣದ ಗೆರೆಗಳು, ಬಾಲದ ಹತ್ತಿರ ಕಣ್ಣಿನಂಥ ಒಂದು ಮಚ್ಚೆ. ಹಾಲ್ ಪೂರ್ತಿ ಎದ್ದು ನಿಂತಿತು. ನನಗೋ ಊರಿನ ಏಲಂ ಮೈಮೇಲೆ ಬಂದ ಹಾಗಾಯಿತು. ಐನೂರರಿಂದ ಶುರು ಮಾಡಿದೆ. ಎರಡು ಸಾವಿರದ ತನಕ ಐದಾರು ಜನ ಕೂಗಿದರು. ಮೂರೂವರೆಗೆ ಇಬ್ಬರೇ ಉಳಿದರು. ಒಬ್ಬರು ಹಳೇ ಸದಸ್ಯರು, ಮನೆಯಲ್ಲಿ ಆರಡಿ ಟ್ಯಾಂಕ್ ಇರುವವರು. ಇನ್ನೊಬ್ಬ ಈ ಹುಡುಗ.

ನನಗೆ ಗೊತ್ತಿತ್ತು. ನಾನು ಬರೆಯುತ್ತಿರುವುದೆಲ್ಲ ಈ ಒಂದು ವಾಕ್ಯಕ್ಕಾಗಿ. ಅವನ ಟ್ಯಾಂಕ್ ಎಷ್ಟು ದೊಡ್ಡದು ಅಂತ ನನಗೆ ಗೊತ್ತಿತ್ತು. ಆದರೂ ನಾನು ಅವನ ಕಡೆ ತಿರುಗಿ, "ಶಾಲೆ ಮಕ್ಕಳಿಗೆ ಸ್ವಾಮಿ, ಬಿಟ್ಟುಕೊಡ್ತೀರಾ?" ಅಂದೆ. ಅವನು ಕೈ ಎತ್ತಿದ. 6,200. ಹಳೇ ಸದಸ್ಯರು ತಲೆಯಾಡಿಸಿ ಕೂತರು. ಒಂದು ಸಲ, ಎರಡು ಸಲ, ಮೂರು ಸಲ. ಲಟ್ಟಣಿಗೆ ಕುಟ್ಟಿದೆ. ಚಪ್ಪಾಳೆ. ಒಂದೇ ಮೀನಿಗೆ ನಮ್ಮಲ್ಲಿ ಅದುವರೆಗೆ ಅಷ್ಟು ಬಂದಿರಲಿಲ್ಲ. ಆ ದಿನದ ಒಟ್ಟು ಮೊತ್ತ 58,000 ದಾಟಿತು.

ಹತ್ತೊಂಬತ್ತು ದಿನಗಳಾದ ಮೇಲೆ ಅವನ ಫೋನು. "ಸರ್, ತೊಂದರೆ ಕೊಡ್ತಿದೀನಿ ಅಂತ ಬೇಜಾರಾಗ್ಬೇಡಿ. ಮೊದಲ ರಾತ್ರೀನೇ ಟೆಟ್ರಾ ಎಲ್ಲ ತಿಂದುಬಿಡ್ತು, ಅದು ಪರವಾಗಿಲ್ಲ. ಈಗ ಊಟ ಬಿಟ್ಟಿದೆ. ನೀರು ದಿನಾ ಬದಲಾಯಿಸ್ತೀನಿ, ಸಂಜೆಯೊಳಗೆ ಮತ್ತೆ ಮಬ್ಬಾಗುತ್ತೆ. ಅದಕ್ಕೆ ತಿರುಗೋಕೂ ಆಗ್ತಿಲ್ಲ ಸರ್. ಇಲ್ಲೇ ಹತ್ರ ಕೆರೆ ಇದೆ. ಅಲ್ಲಿ ಬಿಟ್ಟುಬಿಡ್ಲಾ? ಅಲ್ಲಾದ್ರೂ ಜಾಗ ಇರುತ್ತೆ."

ಕೆರೆ ಅಂದ ಕೂಡಲೇ ನಾನು ಎದ್ದುಬಿಟ್ಟೆ. ಮನೆಯಲ್ಲಿ ಜಾಗ ಸಾಲದೆ ಒಳ್ಳೆ ಮನಸ್ಸಿನಿಂದ ಕೆರೆಗೆ ಬಿಟ್ಟ ಮೀನುಗಳ ಕತೆ ದೇಶದ ತುಂಬ ಇದೆ. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಅಮೆರಿಕದ ಅಲಿಗೇಟರ್ ಗಾರ್ ಸಿಕ್ಕಿತು. ಟ್ಯಾಂಕಿನ ಪಾಚಿ ತಿನ್ನಲಿ ಅಂತ ತರುವ ಸಕ್ಕರ್ ಮೀನಿನ ಜಾತಿಯವು ಕೋಲ್ಕತ್ತದ ಜೌಗುಗಳಲ್ಲಿ, ಆಂಧ್ರದ ಕೆರೆಗಳಲ್ಲಿ ಮೀನುಗಾರರ ಬಲೆ ಹರಿಯುತ್ತಿವೆ. ನಮ್ಮ ಬೆಂಗಳೂರಿನ ಕೆರೆಗಳನ್ನು ಹಸಿರು ಚಾಪೆಯಂತೆ ಮುಚ್ಚುವ, ನೇರಳೆ ಹೂವಿನ ವಾಟರ್ ಹಯಸಿಂತ್ ಕೂಡ ದಕ್ಷಿಣ ಅಮೆರಿಕದಿಂದ ಹೂವಿನ ಚೆಂದಕ್ಕೆ ಅಂತ ಬಂದ ಗಿಡವೇ.

"ಏನೂ ಮಾಡ್ಬೇಡ, ಬಂದೆ" ಅಂದೆ. ಮುಚ್ಚಳ ಇರುವ ಬಕೆಟ್ ಸ್ಕೂಟರಿನ ಮುಂದಿಟ್ಟುಕೊಂಡು ಹೋದೆ. ಮೀನು ಆ ಟ್ಯಾಂಕಿನಲ್ಲಿ ಕೋನಕ್ಕೆ ಬಾಗಿ ನಿಂತಿತ್ತು. ಪಕ್ಕದಲ್ಲಿ ಮಾಸ್ ಕಟ್ಟಿದ ಮರದ ತುಂಡು ಹೊರಗೆ ಒಣಗಿತ್ತು. ಒಳಗೆ ಜಾಗ ಮಾಡಲಿಕ್ಕೆ ಅದನ್ನೂ ತೆಗೆದಿಟ್ಟಿದ್ದ. ನಾನು ದುಡ್ಡು ವಾಪಸ್ ಕೊಡಿಸುತ್ತೇನೆ ಅಂದೆ. ಅವನಿಗೆ ನಿಜವಾಗಲೂ ಬೇಸರವಾಯಿತು. "ಬೇಡ ಸರ್. ಅದು ಶಾಲೆಗೆ ಕೊಟ್ಟಿದ್ದಲ್ವಾ."

*

ನಾನು ಸುಳ್ಳು ಹೇಳಿರಲಿಲ್ಲ. ಬಹಳ ದಿನ ನನಗೆ ನಾನೇ ಹೇಳಿಕೊಂಡ ಸಮಾಧಾನ ಇದು. ಮೀನಿನ ಹೆಸರು, ವಯಸ್ಸು, ಉದ್ದ ಎಲ್ಲ ಚೀಟಿಯಲ್ಲಿತ್ತು. ಅವನು ಕೇಳಿದ್ದರೆ ಹೇಳುತ್ತಿದ್ದೆ. ಅವನು ಕೇಳಲಿಲ್ಲ.

ಈ ಸಮಾಧಾನ ಎರಡು ಸಾವಿರ ವರ್ಷ ಹಳೆಯದು. ರೋಮಿನ ಸಿಸೆರೋ ಕರ್ತವ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಪ್ರಸಂಗ ಇದೆ. ರೋಡ್ಸ್ ದ್ವೀಪದಲ್ಲಿ ಬರಗಾಲ. ಅಲೆಕ್ಸಾಂಡ್ರಿಯಾದಿಂದ ಒಬ್ಬ ವ್ಯಾಪಾರಿ ಹಡಗು ತುಂಬ ಧಾನ್ಯ ತಂದಿದ್ದಾನೆ. ಹಿಂದೆಯೇ ಇನ್ನೂ ಬಹಳ ಹಡಗುಗಳು ಬರುತ್ತಿರುವುದನ್ನು ದಾರಿಯಲ್ಲಿ ನೋಡಿದ್ದಾನೆ. ಅದನ್ನು ಊರಿನವರಿಗೆ ಹೇಳಬೇಕೋ, ಸುಮ್ಮನಿದ್ದು ಒಳ್ಳೆ ಬೆಲೆಗೆ ಮಾರಬೇಕೋ? ಡಯೋಜಿನಿಸ್ ಅನ್ನುವ ಬ್ಯಾಬಿಲೋನಿನ ತತ್ವಜ್ಞಾನಿಯ ವಾದ, ಮೋಸ ಮಾಡದಿದ್ದರೆ ಸಾಕು, ಹೇಳದಿರುವುದೂ ಮುಚ್ಚಿಡುವುದೂ ಒಂದೇ ಅಲ್ಲ. ಅವನ ಶಿಷ್ಯ ಆಂಟಿಪೇಟರ್‌ನ ವಾದ, ಕೊಳ್ಳುವವನಿಗೆ ಬೇಕಾದದ್ದು ನಿನಗೆ ಗೊತ್ತಿದ್ದರೆ ಹೇಳಲೇಬೇಕು, ನೀನು ಹುಟ್ಟಿರುವುದೇ ಮನುಷ್ಯರ ಒಳಿತಿಗೆ. ಸಿಸೆರೋ ಶಿಷ್ಯನ ಪಕ್ಷ.

ನಾನು ಡಯೋಜಿನಿಸ್‌ನ ಹಾಗೆ ವಾದಿಸಬಹುದು. ಆದರೆ ನನ್ನ ಪ್ರಕರಣದಲ್ಲಿ ಇಬ್ಬರೂ ಲೆಕ್ಕಕ್ಕೆ ತಗೊಳ್ಳದ ಒಂದು ಸಂಗತಿ ಇದೆ. ಧಾನ್ಯಕ್ಕೆ ತನ್ನದು ಅನ್ನುವ ಯಾವ ಹಿತವೂ ಇಲ್ಲ. ಮಾರುವವನು, ಕೊಳ್ಳುವವನು, ಇಬ್ಬರೇ. ನನ್ನ ಮೇಜಿನ ಮೇಲೆ ಮೂರನೆಯದೊಂದು ಇತ್ತು, ಬಾಯಿ ತೆರೆದು ಮುಚ್ಚುತ್ತಾ. ಅದು ಕೂಗಲಾರದು. ಅದರ ಪರವಾಗಿ ಆ ಹಾಲಿನಲ್ಲಿ ಎರಡೂ ವಿಷಯ ಗೊತ್ತಿದ್ದವನು ನಾನೊಬ್ಬನೇ. ಮೀನಿನ ಅಳತೆ, ಟ್ಯಾಂಕಿನ ಅಳತೆ.

ಹರಾಜಿನ ಬಗ್ಗೆ ಅರ್ಥಶಾಸ್ತ್ರದವರ ಒಂದು ಮಾತಿದೆ, ಗೆದ್ದವನ ಶಾಪ ಅಂತ. 1971ರಲ್ಲಿ ಅಮೆರಿಕದ ತೈಲ ಕಂಪನಿಯೊಂದರ ಮೂವರು ಇಂಜಿನಿಯರುಗಳು ಇದನ್ನು ವಿವರಿಸಿದರು. ಸಮುದ್ರದಡಿಯ ಎಣ್ಣೆಗೆ ಹತ್ತು ಕಂಪನಿಗಳು ಅಂದಾಜಿನ ಮೇಲೆ ಬೆಲೆ ಹಾಕುತ್ತವೆ. ಗೆಲ್ಲುವುದು ಯಾರು? ಎಲ್ಲರಿಗಿಂತ ಹೆಚ್ಚು ಅಂದಾಜು ಮಾಡಿದವನು, ಅಂದರೆ ಬಹಳ ಸಲ ಎಲ್ಲರಿಗಿಂತ ಹೆಚ್ಚು ತಪ್ಪು ಅಂದಾಜು ಮಾಡಿದವನು. ನಮ್ಮ ಹರಾಜಿನಲ್ಲೂ ಅದೇ. ಆಸ್ಕರ್ ಸಾಕಿ ಗೊತ್ತಿದ್ದ ಹಳೇ ಸದಸ್ಯರು ಅದರ ಹತ್ತು ವರ್ಷದ ಖರ್ಚನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ ನಿಂತರು. ಗೊತ್ತಿಲ್ಲದವನು ಮುಂದೆ ಹೋದ. ಎಣ್ಣೆಯ ಹರಾಜಿನಲ್ಲಿ ಆ ಶಾಪ ಗೆದ್ದವನಿಗೆ ತಟ್ಟುತ್ತದೆ. ಇಲ್ಲಿ ಗೆದ್ದವನಿಗೆ ಸ್ವಲ್ಪ, ಮೀನಿಗೆ ಜಾಸ್ತಿ.

ಇದಕ್ಕೂ ಮೇಲೆ, ದಾನದ ಹರಾಜಿನಲ್ಲಿ ಇನ್ನೊಂದು ಅಪಾಯ ಸೇರಿಕೊಳ್ಳುತ್ತದೆ. ಅಂಗಡಿಯಲ್ಲಿ ಮೀನು ತಗೊಳ್ಳುವವನು ಕನಿಷ್ಠ ತನಗೆ ಬೇಕಾ ಬೇಡವಾ ಅಂತ ಯೋಚಿಸುತ್ತಾನೆ. ಒಳ್ಳೆ ಕೆಲಸಕ್ಕೆ ಅಂತ ಕೈ ಎತ್ತುವವನು ಅದನ್ನು ಯೋಚಿಸುವುದಿಲ್ಲ. ಅವನ ಕಣ್ಣಲ್ಲಿ ಇರುವುದು ಶಾಲೆ. ಮೀನು ಒಂದು ರಸೀದಿ ಮಾತ್ರ. ಆ ಹುಡುಗನ ದುರಾಸೆಯಿಂದ ಮೀನು ಅಲ್ಲಿಗೆ ಹೋಗಲಿಲ್ಲ, ಅವನ ಔದಾರ್ಯದಿಂದ ಹೋಯಿತು. ಆ ಔದಾರ್ಯವನ್ನು ಹಿಡಿದು ಎಳೆದವನು ನಾನು. ಊರಿನಲ್ಲಿ ಇದರಿಂದ ಯಾರಿಗೂ ನಷ್ಟ ಆಗುತ್ತಿರಲಿಲ್ಲ, ಯಾಕೆಂದರೆ ಸೌತೆಕಾಯಿಯ ಕತೆ ಏಲಂ ಮುಗಿದ ಸಂಜೆಯೇ ಸಾಂಬಾರಿನಲ್ಲಿ ಮುಗಿಯುತ್ತದೆ. ಮೀನಿನ ಕತೆ ಲಟ್ಟಣಿಗೆ ಕುಟ್ಟಿದ ಮೇಲೆ ಶುರುವಾಗುತ್ತದೆ.

*

ಇಷ್ಟೆಲ್ಲ ಹೇಳಿದಾಗ ನನ್ನ ರೂಮ್‌ಮೇಟ್ ಆಗಿದ್ದ ಗೆಳೆಯ ಕೇಳಿದ ಪ್ರಶ್ನೆ ನಿಮಗೂ ಬಂದಿರುತ್ತದೆ. "ವಾರಕ್ಕೆ ಮೂರು ದಿನ ಬಂಗುಡೆ ತಿನ್ನೋನು ನೀನು. ನಿಂಗೆ ಆಸ್ಕರ್ ಮೇಲೆ ಯಾಕೋ ಇಷ್ಟು ಕರುಣೆ?"

ಒಳ್ಳೆ ಪ್ರಶ್ನೆ. ಮೀನಿಗೆ ನೋವಾಗುತ್ತದೆಯೋ ಇಲ್ಲವೋ ಅನ್ನುವ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಇದೆ. 2003ರಲ್ಲಿ ಬ್ರಿಟನ್ನಿನಲ್ಲಿ ಟ್ರೌಟ್ ಮೀನಿನ ತುಟಿಯ ಸುತ್ತ ನೋವನ್ನು ಗ್ರಹಿಸುವ ನರತುದಿಗಳು ಇರುವುದನ್ನು ತೋರಿಸಿದ ಮೇಲೆ ಅದು ಜೋರಾಯಿತು. ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೂ ಮನುಷ್ಯನನ್ನು ಬಿಟ್ಟು ಉಳಿದ ಎಲ್ಲ ಜೀವಿಗಳನ್ನೂ ಪ್ರಾಣಿ ಅಂತಲೇ ಕರೆಯುತ್ತದೆ. ಆದರೆ ಇದ್ಯಾವುದೂ ನನ್ನ ಗೆಳೆಯನಿಗೆ ಉತ್ತರವಲ್ಲ. ಬಂಗುಡೆಗೂ ಅದೇ ನರ, ಅದೇ ಕಾಯ್ದೆ.

ನಾನು ಕಂಡುಕೊಂಡ ಉತ್ತರ ಬೇರೆ. ಅದು ಪೂರ್ತಿ ಸಾಲುತ್ತದೆ ಅಂತ ಹೇಳುವುದಿಲ್ಲ. ಬಂಗುಡೆಗೆ ನಾನು ಏನೂ ಮಾತು ಕೊಟ್ಟಿಲ್ಲ. ಆಸ್ಕರನ್ನು ಮೇಜಿನ ಮೇಲಿಟ್ಟು "ಸಾಕುವವರು ಯಾರು?" ಅಂತ ಕೇಳಿದಾಗ ನಾವೆಲ್ಲ ಸೇರಿ ಒಂದು ಮಾತು ಕೊಟ್ಟಿದ್ದೆವು. ಆ ಮೀನನ್ನು ಗಾಜಿನ ಪೆಟ್ಟಿಗೆಯೊಳಗೆ ತಂದವರು ಮನುಷ್ಯರು. ಅಲ್ಲಿಂದ ಅದರ ನೀರು, ಊಟ, ಜಾಗ ಎಲ್ಲ ಯಾರದ್ದಾದರೂ ಒಬ್ಬರ ಕೈಯಲ್ಲಿ. ನಾವು ಹರಾಜು ಹಾಕಿದ್ದು ಮೀನನ್ನು ಅಂದುಕೊಂಡೆವು. ನಿಜಕ್ಕೂ ಕೈ ಬದಲಾದದ್ದು ಒಂದು ಜವಾಬ್ದಾರಿ. ಹಕ್ಕನ್ನು ಹೆಚ್ಚು ಬೆಲೆ ಕೊಟ್ಟವನಿಗೆ ಕೊಡುವುದು ನ್ಯಾಯ ಇರಬಹುದು. ಜವಾಬ್ದಾರಿಯನ್ನು? ಮಗುವನ್ನು ನೋಡಿಕೊಳ್ಳುವ ಕೆಲಸಕ್ಕೆ ಯಾರು ಹೆಚ್ಚು ದುಡ್ಡು ಕೊಡುತ್ತಾರೆ ಅಂತ ಯಾರಾದರೂ ಹರಾಜು ಹಾಕುತ್ತಾರಾ?

ಹಾಗಂತ ಬೆಲೆಯೇ ಕೆಟ್ಟದ್ದು ಅಂತಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಜನ ಎಷ್ಟು ಅಲಕ್ಷ್ಯ ಮಾಡುತ್ತಾರೆ ಅಂತ ಹಬ್ಬದ ಮೇಳದಲ್ಲಿ ಗೋಲ್ಡ್ ಫಿಶ್ ಬಹುಮಾನ ಗೆದ್ದ ಮಕ್ಕಳ ಅಪ್ಪ ಅಮ್ಮಂದಿರನ್ನು ಕೇಳಿ. ಹರಾಜು ಎಲ್ಲರ ಎದುರಿಗೆ ನಡೆಯುತ್ತದೆ, ಕಾರ್ಯದರ್ಶಿಯ ಗೆಳೆಯರಿಗೆ ಮಾತ್ರ ಒಳ್ಳೆ ಮೀನು ಹೋಗುವುದಿಲ್ಲ. ಅದು ದೊಡ್ಡ ಗುಣ. ಆದರೆ ಬಹಿರಂಗವಾಗಿ ಮಾರುವುದರ ಉದ್ದೇಶ ಬೆಲೆ ಏರಿಸುವುದೊಂದೇ ಅಂತ ನಾವು ಯಾವಾಗ ತೀರ್ಮಾನಿಸಿದೆವು?

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹೊಲ ಮನೆ ಮಾರುವ ಕ್ರಮ ಹೇಳಿದೆ. ಆ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಆರ್. ಶಾಮಶಾಸ್ತ್ರಿಗಳು. ನೆರೆಹೊರೆಯವರ ಎದುರಿಗೆ, ಈ ಬೆಲೆಗೆ ಕೊಳ್ಳುವವರು ಯಾರು ಅಂತ ಮೂರು ಸಲ ಸಾರಬೇಕು. ಮೂರು ಸಲವೂ ಯಾರೂ ತಕರಾರು ಮಾಡದಿದ್ದರೆ ಮಾರಾಟ. ಪೈಪೋಟಿಯಿಂದ ಬೆಲೆ ಏರಿದರೆ, ಏರಿದ ಭಾಗ ಮಾರುವವನಿಗಲ್ಲ, ಬೊಕ್ಕಸಕ್ಕೆ. ಅದು ರಾಜನ ಆದಾಯದ ದಾರಿಯೂ ಹೌದು, ಅನುಮಾನವಿಲ್ಲ. ಆದರೆ ನನಗೆ ಹಿಡಿಸಿದ್ದು ಆ ಮೂರು ಸಲ. ನಾನು ಲಟ್ಟಣಿಗೆ ಹಿಡಿದು ಅದನ್ನು ನಾಟಕದ ಹಾಗೆ ಬಳಸುತ್ತಿದ್ದೆ, ಇನ್ನೊಂದು ನೂರು ಬರಲಿ ಅಂತ. ಅಲ್ಲಿ ಅದು ಇದ್ದದ್ದು ಯಾರಾದರೂ ಎದ್ದು "ಇದು ಸರಿಯಲ್ಲ" ಅನ್ನಲಿಕ್ಕೆ ಅವಕಾಶ. ಆವತ್ತು ಮೂರನೇ ಸಲ ಅನ್ನುವ ಮೊದಲು ಎದ್ದು ನಿಲ್ಲಬೇಕಾಗಿದ್ದವನು ನಾನೇ. ಆದರೆ ಲಟ್ಟಣಿಗೆಯೂ ನನ್ನ ಕೈಯಲ್ಲೇ ಇತ್ತು.

*

ಕ್ಲಬ್ಬಿನ ಮೀಟಿಂಗಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ದೊಡ್ಡದಾಗುವ ಮೀನುಗಳಿಗೆ ಟ್ಯಾಂಕಿನ ಅಳತೆ ಕೇಳಿಯೇ ಕೂಗಲು ಬಿಡೋಣ ಅಂದೆ. ಜಗಳವೇ ಆಯಿತು. ಒಬ್ಬರು, "ದೊಡ್ಡ ಟ್ಯಾಂಕು ಅಂದ್ರೆ ದೊಡ್ಡ ಮನೆ. ಬಾಡಿಗೆ ಮನೇಲಿರೋ ಹುಡುಗರನ್ನ ಹೊರಗಿಡ್ತೀರಾ?" ಅಂದರು. ಇನ್ನೊಬ್ಬರು, "ವಯಸ್ಸಿಗೆ ಬಂದವರನ್ನ ಇಂಟರ್‌ವ್ಯೂ ಮಾಡೋಕೆ ನಾವ್ಯಾರು?" ಅಂದರು. ಎರಡೂ ಮಾತಿನಲ್ಲಿ ಸತ್ಯ ಇದೆ. ಮೊದಲನೆಯದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಸಣ್ಣ ಮನೆಯವನಿಗೆ ಆಸ್ಕರ್ ಸಿಗದಿರುವುದು ಅನ್ಯಾಯ ಹೌದು. ಆದರೆ ಆ ಅನ್ಯಾಯದ ಬೆಲೆಯನ್ನು ಆಸ್ಕರ್ ತೆರಬೇಕಾ ಅನ್ನುವುದಷ್ಟೇ ನನ್ನ ಪ್ರಶ್ನೆ.

ಕೊನೆಗೆ ದಾರಿ ತೋರಿಸಿದ್ದು ಆ ಹುಡುಗನ ಮಾತು. "ಅದು ಶಾಲೆಗೆ ಕೊಟ್ಟಿದ್ದಲ್ವಾ." ನಾವು ಗಂಟು ಹಾಕಿದ್ದ ಎರಡು ವಿಷಯವನ್ನು ಅವನು ಒಂದೇ ಸಾಲಿನಲ್ಲಿ ಬಿಡಿಸಿದ್ದ. ಕೊಡುವುದು ಬೇರೆ, ಸಾಕುವುದು ಬೇರೆ. ಊರಿನ ಬಾಳೆಗೊನೆ ನೆನಪಾಯಿತು. ಹೋದ ವರ್ಷದಿಂದ ನಮ್ಮಲ್ಲೂ ಅದೇ ಪದ್ಧತಿ. ದಾನಕ್ಕಾಗಿ ಕೂಗಿ ಗೆದ್ದವರು ದುಡ್ಡು ಕೊಟ್ಟು, ಮೀನನ್ನು ಮೇಜಿಗೇ ವಾಪಸ್ ಬಿಡಬಹುದು. ಅದರಲ್ಲಿ ಅವಮಾನ ಇಲ್ಲ, ಚಪ್ಪಾಳೆ ಇನ್ನೂ ಜೋರು. ಒಂದಡಿಗಿಂತ ದೊಡ್ಡದಾಗುವ ಮೀನನ್ನು ಹರಾಜಿಗೇ ಹಾಕುವುದಿಲ್ಲ. ಮಾತಾಡಿ, ಮನೆ ನೋಡಿ, ಕೊಡುತ್ತೇವೆ. ಆಸ್ಕರಿನಂಥ ಗಡಿಯಲ್ಲಿರುವವುಗಳಿಗೂ ಅದೇ ನಿಯಮ. ಉಳಿದದ್ದಕ್ಕೆ ಎರಡನೇ ಸಲ ಮತ್ತು ಮೂರನೇ ಸಲದ ನಡುವೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ, "ಇದನ್ನ ಎಲ್ಲಿ ಇಡ್ತೀರಿ?" ಗಿಡಗಳ ಕವರಿನ ಮೇಲೂ ಒಂದು ಸಾಲು ಸೇರಿದೆ, ಹೆಚ್ಚಾದದ್ದನ್ನು ಒಣಗಿಸಿ ಎಸೆಯಿರಿ, ಚರಂಡಿಗೂ ಕೆರೆಗೂ ಬೇಡ ಅಂತ.

ಇದರಿಂದ ಎಲ್ಲ ಸುಖಾಂತ್ಯವಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಹರಾಜು ನಿಧಾನವಾಯಿತು. ಪ್ರಶ್ನೆ ಕೇಳಿದ ಕೂಡಲೇ ಹಾಲಿನ ಬಿಸಿ ಇಳಿಯುತ್ತದೆ, ಇಬ್ಬರು ಕೈ ಕೆಳಗಿಳಿಸುತ್ತಾರೆ. ಮೊತ್ತ 41,000ಕ್ಕೆ ನಿಂತಿತು. ಹದಿನೇಳು ಸಾವಿರ ಕಡಿಮೆ. ಶಾಲೆಯ ವಿಜ್ಞಾನದ ಟೀಚರ್ ಕೇಳಿದ್ದ ದೊಡ್ಡ ಫಿಲ್ಟರ್ ಬದಲಿಗೆ ಸ್ಪಾಂಜ್ ಫಿಲ್ಟರ್ ಕೊಟ್ಟೆವು. ಮಕ್ಕಳು ಈಗ ವಾರಕ್ಕೆರಡು ಸಲ ಬಕೆಟ್ಟಿನಲ್ಲಿ ನೀರು ಬದಲಾಯಿಸುತ್ತಾರೆ. ಖಜಾಂಚಿ ಮೇಡಂ ಲೆಕ್ಕದ ಪುಸ್ತಕ ಮುಚ್ಚಿ ಹೇಳಿದರು, "ನಷ್ಟ ಅಂತ ಬರೀಲೋ, ಖರ್ಚು ಅಂತ ಬರೀಲೋ?" ನಾನು ಖರ್ಚು ಅಂದೆ. ಅವರು ಏನು ಬರೆದರೋ ನೋಡಲಿಲ್ಲ.

ಆಸ್ಕರ್ ನನ್ನ ಮನೆಯಲ್ಲೇ ಇದೆ. ನಾಲ್ಕಡಿ ಟ್ಯಾಂಕಿನಲ್ಲಿದ್ದ ನನ್ನ ಏಂಜೆಲ್ ಮೀನುಗಳನ್ನು ಬೇರೆಯವರಿಗೆ ಕೊಟ್ಟು ಅದಕ್ಕೆ ಜಾಗ ಮಾಡಿದೆ. ಬಂದ ಹನ್ನೊಂದನೇ ದಿನ ಊಟ ಮುಟ್ಟಿತು. ಈಗ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋದರೆ ಗಾಜಿಗೆ ಮೂತಿ ಒತ್ತಿ ನಿಲ್ಲುತ್ತದೆ. ಹುಡುಗ ತಿಂಗಳಿಗೊಮ್ಮೆ ಬಂದು ಕೈಯಿಂದ ತಿನ್ನಿಸಿ ಹೋಗುತ್ತಾನೆ. ಅವನ ಎರಡಡಿ ಟ್ಯಾಂಕಿನಲ್ಲಿ ಮತ್ತೆ ಟೆಟ್ರಾಗಳಿವೆ.

ಮೊನ್ನೆ ಒಬ್ಬ ಸದಸ್ಯರು ಫೋನ್ ಮಾಡಿದ್ದರು. ಕೆನಡಾಗೆ ಹೊರಟಿದ್ದಾರೆ. ಮನೆಯಲ್ಲಿ ಒಂದು ಜೋಡಿ ದೊಡ್ಡ ಮೀನಿದೆ, ಜನವರಿಗೆ ಕೊಡುತ್ತೇನೆ ಅಂದರು. "ಎಷ್ಟಕ್ಕೆ ಹೋಗಬಹುದು?" ಅಂತ ಕೇಳಿದರು.

"ಟ್ಯಾಂಕ್ ಮಾರಿಬಿಟ್ರಾ, ಇನ್ನೂ ಇದೆಯಾ?" ಅಂತ ಕೇಳಿದೆ.